ಗದ್ದೆ ಸುಡುವ ಜಿಗಿಹುಳು ಒಂದಲ್ಲ, ಎರಡು: ತುಂಗಭದ್ರಾ ಬಯಲಿನ ಭತ್ತದ ಗೊಂದಲ

ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯಿಂದ ಒಂದೇ ಥರದ ಸುದ್ದಿ ಬರಲು ಶುರುವಾಗುತ್ತದೆ. ಭತ್ತಕ್ಕೆ ಜಿಗಿಹುಳು ಬಿದ್ದಿದೆ. ಹಸಿರಾಗಿದ್ದ ಗದ್ದೆ ಕೆಲವೇ ದಿನದಲ್ಲಿ ಸುಟ್ಟಂತಾಗಿದೆ. ಎರಡು ಮೂರು ಸಲ ಎಣ್ಣೆ (ಕೀಟನಾಶಕ) ಹೊಡೆದರೂ ಹತೋಟಿಗೆ ಬಂದಿಲ್ಲ. ಅದರ ಪಕ್ಕದಲ್ಲೇ ತಜ್ಞರ ಸಲಹೆ ಇರುತ್ತದೆ: ನೀರು ಬಸಿಯಿರಿ, ಯೂರಿಯಾ ನಿಲ್ಲಿಸಿ, ಸುಮ್ಮನೆ ಸಿಂಪಡಿಸಬೇಡಿ. ಒಂದು ಸಲಹೆ ಕಂದು ಜಿಗಿಹುಳು ಎನ್ನುತ್ತದೆ, ಇನ್ನೊಂದು ಬಿಳಿ ಬೆನ್ನಿನ ಜಿಗಿಹುಳು ಎನ್ನುತ್ತದೆ. ಓದುವವರು ಎರಡೂ ಒಂದೇ ಎಂದುಕೊಂಡು ಮುಂದಕ್ಕೆ ಹೋಗುತ್ತಾರೆ.

ಎರಡೂ ಒಂದೇ ಅಲ್ಲ. ಬರುವ ಹೊತ್ತು ಬೇರೆ, ಗದ್ದೆಯನ್ನು ಹಾಳು ಮಾಡುವ ರೀತಿ ಬೇರೆ, ಹೊತ್ತು ತರುವ ರೋಗ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದಕ್ಕೆ ನಾಟುವ ಔಷಧ ಇನ್ನೊಂದಕ್ಕೆ ನಾಟದಿರಬಹುದು. 'ಎಣ್ಣೆ ಹೊಡೆದರೂ ಸಾಯುತ್ತಿಲ್ಲ' ಎಂಬ ದೂರಿನ ಅರ್ಧ ಉತ್ತರ ಇಲ್ಲಿದೆ. ಉಳಿದರ್ಧ ನಾಟಿಯಾದ ಮೊದಲ ನಲವತ್ತು ದಿನಗಳಲ್ಲಿ ನಾವು ಗದ್ದೆಗೆ ಏನು ಹಾಕುತ್ತೇವೆ ಎಂಬುದರಲ್ಲಿದೆ.

ಬುಡದಲ್ಲಿ ಕೂತಿರುವುದು ಯಾವುದು?

ಎರಡೂ ಒಂದೇ ಕುಟುಂಬದ ಹುಳುಗಳು. ಉದ್ದ ಮೂರು ನಾಲ್ಕು ಮಿಲಿಮೀಟರ್, ಅಷ್ಟೇ. ಗಿಡ ಮುಟ್ಟಿದರೆ ಸೊಟ್ಟಗೆ ಓಡುತ್ತವೆ, ಇಲ್ಲವೇ ಟಕ್ಕನೆ ಜಿಗಿಯುತ್ತವೆ. ಆಂಧ್ರದಿಂದ ಬಂದವರು ನೆಲೆಸಿದ ಕ್ಯಾಂಪುಗಳಲ್ಲಿ ಎರಡನ್ನೂ 'ದೋಮ' ಎಂದೇ ಕರೆಯುತ್ತಾರೆ.

ಕಂದು ಜಿಗಿಹುಳು ಮರಿಯಿಂದ ದೊಡ್ಡದಾಗುವವರೆಗೂ ಹೆಚ್ಚುಕಡಿಮೆ ಕಂದೇ. ಬಿಳಿ ಬೆನ್ನಿನದಕ್ಕೆ ಬೆನ್ನ ಮೇಲೆ, ಎರಡು ರೆಕ್ಕೆಗಳು ಸೇರುವ ಜಾಗದಲ್ಲಿ, ಒಂದು ಬಿಳಿ ಪಟ್ಟಿ ಇರುತ್ತದೆ. ಅದರ ಮರಿಗಳು ಬಿಳಿ-ಬೂದು ಬಣ್ಣದವು, ಮೇಲೆ ಕಪ್ಪು ಚುಕ್ಕೆ ಗೆರೆ. ನಿಂತು ನೋಡಿದರೆ ಇದು ಕಾಣುವುದಿಲ್ಲ. ಬಗ್ಗಿ, ಭತ್ತದ ಬುಡವನ್ನು ವಾಲಿಸಿ, ಒಂದು ಬಿಳಿ ತಟ್ಟೆಯ ಮೇಲೆ ತಟ್ಟಿದರೆ ಗೊತ್ತಾಗುತ್ತದೆ. ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ತೆಗೆದ ಫೋಟೊ ನೋಡಿ ಔಷಧ ಕೊಡುವವರು ಯಾವ ಹುಳುವಿಗೆ ಕೊಡುತ್ತಿದ್ದಾರೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ.

ಹೊತ್ತಿನ ವ್ಯತ್ಯಾಸ ಇನ್ನೂ ಮುಖ್ಯ. ಬಿಳಿ ಬೆನ್ನಿನದಕ್ಕೆ ಎಳೆ ಪೈರು ಇಷ್ಟ. ತೆಂಡೆ (ಬುಡದಿಂದ ಬರುವ ಕವಲು) ಒಡೆಯುವ ಹಂತದಲ್ಲಿ ಅದರ ಸಂಖ್ಯೆ ಏರುತ್ತದೆ, ಬೆಳೆ ಬಲಿತಂತೆ ಇಳಿಯುತ್ತದೆ. ಕಂದು ಜಿಗಿ ಮೊದಲು ಅಲ್ಲೊಂದು ಇಲ್ಲೊಂದು ಇರುತ್ತದೆ. ಪೈರು ಒತ್ತಾಗಿ ಬೆಳೆದು ಬುಡಕ್ಕೆ ಬಿಸಿಲು ಬೀಳುವುದು ನಿಂತ ಮೇಲೆ ಅದರ ಕಾಲ. ಹೊಡೆ ಕಟ್ಟುವ ಹೊತ್ತಿನಿಂದ ತೆನೆ ಬಲಿಯುವವರೆಗೂ ಏರುತ್ತಲೇ ಹೋಗುತ್ತದೆ. ಆಗಸ್ಟ್‌ನಲ್ಲಿ ನಾಟಿಯಾದ ಗದ್ದೆಯಲ್ಲಿ ಸೆಪ್ಟೆಂಬರ್‌ನಲ್ಲಿ ಕಾಣುವುದು ಹೆಚ್ಚಾಗಿ ಒಂದು, ಅಕ್ಟೋಬರ್ ಕೊನೆಗೆ ಕಾಣುವುದು ಹೆಚ್ಚಾಗಿ ಇನ್ನೊಂದು. ನಡುವೆ ಕೆಲವು ವಾರ ಎರಡೂ ಒಂದೇ ಬುಡದಲ್ಲಿ ಕೂತಿರುತ್ತವೆ.

ಸುಡುವ ರೀತಿಯೂ ಬೇರೆ. ಕಂದು ಜಿಗಿ ಗದ್ದೆಯ ನಡುವೆ ದುಂಡನೆಯ ತೇಪೆಗಳಾಗಿ ಶುರು ಮಾಡುತ್ತದೆ. ಆ ದುಂಡು ದಿನದಿನಕ್ಕೆ ಅಗಲವಾಗಿ, ಪಕ್ಕದ ದುಂಡಿನ ಜೊತೆ ಕೂಡಿಕೊಳ್ಳುತ್ತದೆ. ಬಿಳಿ ಬೆನ್ನಿನದು ಗದ್ದೆ ತುಂಬ ಹರಡಿಕೊಂಡು ಕೂರುವುದು ಜಾಸ್ತಿ. ಹಾಗಾಗಿ ಅದು ಮಿತಿ ಮೀರಿದಾಗ ಇಡೀ ಗದ್ದೆ ಒಟ್ಟಿಗೇ ಮಂಕಾಗುತ್ತದೆ. ಅದನ್ನು ಸತುವಿನ ಕೊರತೆ ಎಂದು ತಪ್ಪು ತಿಳಿದು ಜಿಂಕ್ ಹಾಕುವವರೂ ಇದ್ದಾರೆ.

ರಸ ಹೀರುವುದಕ್ಕೂ ಯೂರಿಯಾಕ್ಕೂ ಏನು ಸಂಬಂಧ?

ಈ ಹುಳುಗಳು ಎಲೆ ಕಡಿಯುವುದಿಲ್ಲ. ಸೂಜಿಯಂಥ ಬಾಯಿಯನ್ನು ಕಾಂಡದೊಳಕ್ಕೆ ಇಳಿಸಿ, ಎಲೆಯಲ್ಲಿ ತಯಾರಾದ ಆಹಾರ ಬೇರಿಗೂ ತೆನೆಗೂ ಹರಿಯುವ ನಾಳವನ್ನು ಹುಡುಕಿಕೊಳ್ಳುತ್ತವೆ. ಎಳನೀರಿಗೆ ಹಾಕಿದ ಸ್ಟ್ರಾದ ಹಾಗೆ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಒಳಗಿನ ಒತ್ತಡಕ್ಕೆ ರಸ ತಾನಾಗಿಯೇ ಉಕ್ಕಿ ಬರುತ್ತದೆ.

ಆ ರಸದಲ್ಲಿ ಸಕ್ಕರೆ ಧಾರಾಳ. ಮೈ ಬೆಳೆಸಲು, ಮೊಟ್ಟೆ ಕಟ್ಟಲು ಬೇಕಾದ ಅಮೈನೋ ಆಮ್ಲ ಮಾತ್ರ ಬಹಳ ಕಡಿಮೆ. ಸಾಕಾಗುವಷ್ಟು ಅಮೈನೋ ಆಮ್ಲ ಸಿಗಬೇಕಾದರೆ ಹುಳು ತನಗೆ ಬೇಡದಷ್ಟು ಸಕ್ಕರೆಯನ್ನೂ ಕುಡಿಯಲೇಬೇಕು. ಬೇಡದ ಸಕ್ಕರೆ ಹಿಂದಿನಿಂದ ಅಂಟಾಗಿ ಹೊರಬರುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಜಿಗಿ ಬಿದ್ದ ಗದ್ದೆಯ ಬುಡ ಮಸಿ ಬಳಿದಂತೆ ಕಾಣುವುದು ಇದಕ್ಕೇ.

ಈಗ ಇದಕ್ಕೆ ಯೂರಿಯಾ ಸೇರಿಸಿ ನೋಡಿ. ಸಾರಜನಕ ಹೆಚ್ಚಾದರೆ ಗಿಡದ ರಸದಲ್ಲಿ ಅಮೈನೋ ಆಮ್ಲ ಹೆಚ್ಚುತ್ತದೆ. ಹುಳುವಿಗೆ ಯಾವುದು ಕೊರತೆಯಾಗಿತ್ತೋ ಅದನ್ನೇ ನಾವು ಚೀಲಗಟ್ಟಲೆ ಕೊಟ್ಟ ಹಾಗಾಯಿತು. ಮರಿಗಳು ಬೇಗ ದೊಡ್ಡವಾಗುತ್ತವೆ, ಹೆಚ್ಚು ಬದುಕುತ್ತವೆ, ಹೆಣ್ಣು ಹೆಚ್ಚು ಮೊಟ್ಟೆ ಇಡುತ್ತದೆ. ಜೊತೆಗೆ ಪೈರು ಸೊಂಪಾಗಿ, ಒತ್ತಾಗಿ ಬೆಳೆದು ಬುಡದಲ್ಲಿ ನೆರಳು, ತೇವ ನಿಲ್ಲುತ್ತದೆ. ಊರಿಗೆಲ್ಲ ಚೆನ್ನಾಗಿ ಕಾಣುವ ಕಡುಹಸಿರು ಗದ್ದೆಯೇ ಮೊದಲು ಸುಡುವುದು ಯಾಕೆ ಎಂಬುದಕ್ಕೆ ಇದು ಕಾರಣ. ಕಾಲುವೆಯ ಮೇಲ್ಭಾಗದಲ್ಲಿ ನೀರಿಗೂ ಗೊಬ್ಬರಕ್ಕೂ ಕೊರತೆ ಮಾಡದ ಗದ್ದೆಗಳಲ್ಲಿ ಈ ತೊಂದರೆ ಜಾಸ್ತಿ ಕಾಣುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ರೆಕ್ಕೆಯ ಲೆಕ್ಕ

ಇವುಗಳಲ್ಲಿ ಉದ್ದ ರೆಕ್ಕೆಯವು, ಗಿಡ್ಡ ರೆಕ್ಕೆಯವು ಎಂದು ಎರಡು ರೂಪ. ಉದ್ದ ರೆಕ್ಕೆಯವು ಗಾಳಿ ಹಿಡಿದು ದೂರ ಹೋಗುತ್ತವೆ. ಚೀನಾದ ದಕ್ಷಿಣ ಭಾಗದಿಂದ ಸಮುದ್ರ ದಾಟಿ ಜಪಾನ್ ತಲುಪುವಷ್ಟು ದೂರ. ಬಂದಿಳಿದ ಗದ್ದೆಯಲ್ಲಿ ಊಟ ಚೆನ್ನಾಗಿದ್ದರೆ ಮುಂದಿನ ತಲೆಮಾರಿನ ಹೆಣ್ಣುಗಳು ಗಿಡ್ಡ ರೆಕ್ಕೆಯವಾಗುತ್ತವೆ. ಅವು ಹಾರುವುದಿಲ್ಲ. ಆ ಶಕ್ತಿಯನ್ನೆಲ್ಲ ಮೊಟ್ಟೆಗೆ ಹಾಕುತ್ತವೆ, ಒಂದೊಂದೂ ನೂರಾರು. ಮೊಟ್ಟೆಯಿಂದ ಮೊಟ್ಟೆಗೆ ಸುಮಾರು ಒಂದು ತಿಂಗಳು. ಕಿಕ್ಕಿರಿದು ಊಟ ಕಡಿಮೆಯಾದ ಮೇಲೆ ಮತ್ತೆ ಉದ್ದ ರೆಕ್ಕೆಯವು ಹುಟ್ಟಿ ಬೇರೆ ಗದ್ದೆಗೆ ಹಾರುತ್ತವೆ.

ಇದರಿಂದ ಒಂದು ಮಾತು ಹೊರಡುತ್ತದೆ. ದೀಪದ ಬಲೆಗೆ ಬೀಳುವುದು ಉದ್ದ ರೆಕ್ಕೆಯವು ಮಾತ್ರ. ಬುಡದಲ್ಲಿ ಸಂಸಾರ ಹೂಡಿರುವ ಗಿಡ್ಡ ರೆಕ್ಕೆಯವು ದೀಪಕ್ಕೆ ಬರುವುದೇ ಇಲ್ಲ. ಊರಿನ ಬೀದಿ ದೀಪಕ್ಕೆ ಹುಳು ಮುತ್ತಿದಾಗ ಎಲ್ಲರೂ ಗಾಬರಿಯಾಗುತ್ತಾರೆ. ಆದರೆ ಅದು ಯಾರದೋ ಗದ್ದೆಯಲ್ಲಿ ಆಗಬೇಕಾದ್ದೆಲ್ಲ ಆಗಿಹೋದ ಮೇಲಿನ ಸುದ್ದಿ. ಬುಡದಲ್ಲಿ ಗಿಡ್ಡ ರೆಕ್ಕೆಯ ಹೆಣ್ಣು ಕಂಡರೆ ಅದು ಮುಂದೆ ಆಗಲಿರುವುದರ ಸುದ್ದಿ.

ಎಣ್ಣೆ ಹೊಡೆದರೂ ಸಾಯುವುದಿಲ್ಲ, ಯಾಕೆ?

ಇದಕ್ಕೆ ಒಂದೇ ಕಾರಣವಿಲ್ಲ. ನಾಲ್ಕೈದು ಕಾರಣ ಒಂದರ ಮೇಲೊಂದು ಕೂತಿವೆ, ಅದಕ್ಕೇ ಗೊಂದಲ.

ಮೊದಲನೆಯದು ನಿರೋಧ ಶಕ್ತಿ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಬಂದ ಹೊಸದರಲ್ಲಿ ಕಂದು ಜಿಗಿಗೆ ರಾಮಬಾಣದಂತಿತ್ತು. 2000ರ ದಶಕದ ಮಧ್ಯಕ್ಕೆ ಬರುವಷ್ಟರಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ಅದು ನಾಟುವುದು ನಿಂತಿತು. ಪೂರ್ವ ಮತ್ತು ಆಗ್ನೇಯ ಏಷ್ಯಾದ ಹುಳುಗಳನ್ನು ತಂದು ಪರೀಕ್ಷಿಸಿದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಸಂಗತಿ ಬಹಳ ಸ್ವಾರಸ್ಯದ್ದು. ಕಂದು ಜಿಗಿ ಇಮಿಡಾಕ್ಲೋಪ್ರಿಡ್‌ಗೆ ಗಟ್ಟಿಯಾಗಿತ್ತು, ಫಿಪ್ರೊನಿಲ್ ಎಂಬ ಇನ್ನೊಂದು ಔಷಧಕ್ಕೆ ಅಷ್ಟಾಗಿ ಅಲ್ಲ. ಬಿಳಿ ಬೆನ್ನಿನದು ಇದಕ್ಕೆ ಸರಿ ಉಲ್ಟಾ. ಫಿಪ್ರೊನಿಲ್‌ಗೆ ಗಟ್ಟಿ, ಇಮಿಡಾಕ್ಲೋಪ್ರಿಡ್‌ಗೆ ಅಷ್ಟಾಗಿ ಅಲ್ಲ. ಒಂದೇ ಗದ್ದೆಯಲ್ಲಿ, ಒಂದೇ ಬುಡದಲ್ಲಿ ಕೂತು, ಒಂದೇ ಸಿಂಪಡಣೆಯಲ್ಲಿ ನೆಂದ ಎರಡು ಹುಳುಗಳು ಬೇರೆ ಬೇರೆ ದಾರಿ ಹಿಡಿದಿದ್ದವು.

ಇದನ್ನು ನಮ್ಮ ಬಯಲಿಗೆ ಹಾಗೇ ತಂದು ಅಂಟಿಸುವುದು ಸರಿಯಲ್ಲ. ಇಲ್ಲಿಯ ಹುಳುವಿನ ಇತಿಹಾಸ ಬೇರೆ. ಆದರೆ ದಿಕ್ಕು ಅದೇ. ಕರ್ನಾಟಕದ ಬೇರೆ ಬೇರೆ ಭತ್ತದ ಸೀಮೆಗಳ ಕಂದು ಜಿಗಿಯನ್ನು ಹೋಲಿಸಿ ನೋಡಿದಾಗ ಗಂಗಾವತಿ ಕಡೆಯವು ಹಳೆಯ ಔಷಧಗಳಿಗೆ ಹೆಚ್ಚು ಒಗ್ಗಿಹೋಗಿದ್ದು ಕಂಡಿದೆ. ವರ್ಷಕ್ಕೆ ಎರಡು ಬೆಳೆ, ಬೆಳೆಗೆ ಹಲವು ಸಿಂಪಡಣೆ ಇರುವ ಕಡೆ ಇನ್ನೇನಾಗಲು ಸಾಧ್ಯ? ಹಾಗಾಗಿ 'ಕಳೆದ ತಿಂಗಳು ಇದೇ ಔಷಧಕ್ಕೆ ಸತ್ತಿತ್ತು, ಈಗ ಸಾಯುತ್ತಿಲ್ಲ, ಮಾಲು ಡೂಪ್ಲಿಕೇಟ್ ಇರಬೇಕು' ಎಂಬ ಜಗಳದಲ್ಲಿ ಕೆಲವು ಸಲ ಮಾಲು ಸರಿಯಾಗಿಯೇ ಇರುತ್ತದೆ, ಹುಳು ಬದಲಾಗಿರುತ್ತದೆ. ಕಳೆದ ತಿಂಗಳದ್ದು ಬಿಳಿ ಬೆನ್ನಿನದು, ಈಗಿನದು ಕಂದು. ನಕಲಿ ಔಷಧದ ಹಾವಳಿ ಇಲ್ಲವೆಂದಲ್ಲ. ಎಲ್ಲ ಸೋಲನ್ನೂ ಅದರ ತಲೆಗೆ ಕಟ್ಟಲಾಗದು, ಅಷ್ಟೆ.

ಎರಡನೆಯದು ಮೊಟ್ಟೆ. ಎರಡೂ ಹುಳು ಮೊಟ್ಟೆಯನ್ನು ಎಲೆಯ ಬುಡದ ಹೊದಿಕೆಯನ್ನು ಸೀಳಿ ಅದರೊಳಗೆ ಇಡುತ್ತವೆ. ಮೇಲಿಂದ ಬಿದ್ದ ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಒಂದು ವಾರ, ಒಂಬತ್ತು ದಿನದಲ್ಲಿ ಅವು ಒಡೆಯುತ್ತವೆ. ರೈತರ ಕಣ್ಣಿಗೆ ಎಂಟು ದಿನಕ್ಕೆ ಮತ್ತೆ ಹುಳು ಬಂತು. ಹೊರಗಿನಿಂದ ಬಂದದ್ದಲ್ಲ, ಒಳಗಿದ್ದದ್ದು.

ಮೂರನೆಯದು ಔಷಧದ ಕೆಲಸದ ರೀತಿ. ಪೈಮೆಟ್ರೊಜಿನ್ ಹುಳುವನ್ನು ತಕ್ಷಣ ಕೊಲ್ಲುವುದಿಲ್ಲ, ಹೀರುವುದನ್ನು ನಿಲ್ಲಿಸುತ್ತದೆ. ಹುಳು ಕೆಲವು ದಿನ ಬುಡದಲ್ಲೇ ಇರುತ್ತದೆ, ಹೊಟ್ಟೆಗಿಲ್ಲದೆ ಸಾಯುತ್ತದೆ. ಬುಪ್ರೊಫೆಜಿನ್ ಮರಿಗಳು ಪೊರೆ ಬಿಡುವುದನ್ನು ತಡೆಯುತ್ತದೆ. ಅದರಿಂದ ದೊಡ್ಡ ಹುಳು ಸಾಯುವುದಿಲ್ಲ. ಮರುದಿನ ಹೋಗಿ ನೋಡಿ, ಹುಳು ಹಾಗೇ ಇದೆ ಎಂದು ಬೇರೊಂದನ್ನು ಹೊಡೆದರೆ ಮೊದಲಿನದರ ದುಡ್ಡೂ ಹೋಯಿತು, ಎರಡನೆಯದರ ದುಡ್ಡೂ ಹೋಯಿತು. ಅಂಗಡಿಯಲ್ಲಿ ಡಬ್ಬಿ ಕೊಡುವಾಗ ಇಷ್ಟನ್ನು ಹೇಳಿದ್ದರೆ ಸಾಕಿತ್ತು.

ನಾಲ್ಕನೆಯದು ಜಾಗ. ಹುಳು ನೀರಿನ ಮಟ್ಟದಿಂದ ಸ್ವಲ್ಪ ಮೇಲಿದೆ, ಸಿಂಪಡಣೆ ಎಲೆಯ ತುದಿಗೆ ಬೀಳುತ್ತಿದೆ. ಗಿಡ ಹೀರಿಕೊಳ್ಳುವ ಔಷಧವಾದರೆ ಪರವಾಗಿಲ್ಲ ಅನ್ನುವವರಿದ್ದಾರೆ. ಆದರೆ ಇಮಿಡಾಕ್ಲೋಪ್ರಿಡ್‌ನಂಥವು ಗಿಡದೊಳಗೆ ಹೆಚ್ಚಾಗಿ ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ, ಮೇಲಿನಿಂದ ಕೆಳಕ್ಕೆ ಇಳಿಯುವುದಿಲ್ಲ. ಎಲೆಗೆ ಬಿದ್ದದ್ದು ಎಲೆಯಲ್ಲೇ ಉಳಿಯುತ್ತದೆ. ಈಗ ಡ್ರೋನ್ ಬಂದಿದೆ. ಆಳು ಸಿಗದ ಕಾಲದಲ್ಲಿ ಅದೊಂದು ದೊಡ್ಡ ಅನುಕೂಲ, ಎಲೆ ಸುರುಳಿ ಹುಳುವಿನಂಥವಕ್ಕೆ ಒಳ್ಳೆಯದೇ. ಎಕರೆಗೆ ಹತ್ತು ಲೀಟರ್ ಆಸುಪಾಸು ನೀರಿನಲ್ಲಿ, ಒತ್ತಾಗಿ ನಿಂತ ಪೈರಿನ ಬುಡಕ್ಕೆ ಔಷಧ ಇಳಿಸುವುದು ಮಾತ್ರ ಬೇರೆ ಮಾತು. ಜಿಗಿಹುಳುವಿಗೆ ಡ್ರೋನ್ ಸಾಕು ಎಂದು ಕಣ್ಣುಮುಚ್ಚಿ ಹೇಳುವವರನ್ನು ಎರಡು ಸಲ ಕೇಳಬೇಕು.

ಔಷಧವೇ ಹುಳು ಹೆಚ್ಚಿಸಿದ ಕಥೆ

ಐದನೆಯ ಕಾರಣವೇ ನಿಜವಾದ ದೊಡ್ಡ ಕಾರಣ. ಅದನ್ನು ಒಪ್ಪಲು ಯಾರಿಗೂ ಮನಸ್ಸಿಲ್ಲ.

ಭತ್ತದ ಗದ್ದೆಯಲ್ಲಿ ಜಿಗಿಹುಳುವನ್ನು ತಿಂದು ಬದುಕುವ ಜೀವಿಗಳು ಬಹಳ ಇವೆ. ನೀರಿನ ಮೇಲೇ ಓಡಾಡಿ ಬೇಟೆಯಾಡುವ ಜೇಡ ದಿನಕ್ಕೆ ಐದರಿಂದ ಹದಿನೈದು ಹುಳು ತಿನ್ನಬಲ್ಲದು. ಮಿರಿಡ್ ಎಂಬ ಹಸಿರು ತಿಗಣೆ ಹೊದಿಕೆಯೊಳಗಿನ ಮೊಟ್ಟೆಯನ್ನೇ ಹುಡುಕಿ ಹೀರುತ್ತದೆ. ಅಂದರೆ ನಮ್ಮ ಔಷಧ ತಲುಪದ ಜಾಗಕ್ಕೆ ಅದು ತಲುಪುತ್ತದೆ. ದುರದೃಷ್ಟಕ್ಕೆ ಮಿರಿಡ್ ನೋಡಲು ಇನ್ನೊಂದು ಜಿಗಿಹುಳುವಿನ ಹಾಗೇ ಇದೆ. ಅದು ಜಾಸ್ತಿ ಕಂಡಿತೆಂದು ಎಣ್ಣೆ ಹೊಡೆದು, ಕಾವಲಿಗಿದ್ದುದನ್ನೇ ಕೊಂದ ಗದ್ದೆಗಳಿಗೆ ಲೆಕ್ಕವಿಲ್ಲ.

ನಾಟಿಯಾದ ಇಪ್ಪತ್ತು ಮೂವತ್ತು ದಿನಕ್ಕೆ ಕಾಂಡ ಕೊರಕಕ್ಕೋ ಎಲೆ ಸುರುಳಿಗೋ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಹೊಡೆಯುವುದು ರೂಢಿ. ಅಗ್ಗ, ಹೊಡೆದ ತಕ್ಷಣ ಹುಳು ಉದುರಿದ್ದು ಕಾಣುತ್ತದೆ. ಆದರೆ ಜೇಡ, ಮಿರಿಡ್ ಎಲ್ಲ ಹೋಗುತ್ತವೆ. ಜಿಗಿಯ ಮೊಟ್ಟೆ ಹೊದಿಕೆಯೊಳಗೆ ಭದ್ರವಾಗಿರುತ್ತದೆ. ಬದುಕುಳಿದ ಹೆಣ್ಣಿಗೆ ಸಾಯದಷ್ಟು ಪ್ರಮಾಣದ ಔಷಧ ತಾಗಿದರೆ ಅದು ಇನ್ನೂ ಹೆಚ್ಚು ಮೊಟ್ಟೆ ಇಡುವುದೂ ಪ್ರಯೋಗಗಳಲ್ಲಿ ಕಂಡಿದೆ. ಶತ್ರು ಇಲ್ಲ, ಯೂರಿಯಾ ಇದೆ, ನೆರಳಿದೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಅಕ್ಟೋಬರ್ ಬಂದಿರುತ್ತದೆ.

ಇದು ಪುಸ್ತಕದ ಮಾತಲ್ಲ. ಇಂಡೊನೇಷ್ಯಾದಲ್ಲಿ 1970 ಮತ್ತು 80ರ ದಶಕದಲ್ಲಿ ಸರ್ಕಾರವೇ ಭಾರೀ ಸಬ್ಸಿಡಿ ಕೊಟ್ಟು ಕೀಟನಾಶಕ ಹಂಚಿತು. ಕಂದು ಜಿಗಿ ಕಡಿಮೆಯಾಗುವ ಬದಲು ಮತ್ತೆ ಮತ್ತೆ ಎದ್ದಿತು. ಕೊನೆಗೆ 1986ರಲ್ಲಿ ಅಧ್ಯಕ್ಷ ಸುಹಾರ್ತೊ ಭತ್ತದ ಮೇಲೆ 57 ಕೀಟನಾಶಕಗಳ ಬಳಕೆ ನಿಲ್ಲಿಸುವ ಆದೇಶ ಹೊರಡಿಸಿದರು. ಸಬ್ಸಿಡಿಯನ್ನೂ ಹಂತಹಂತವಾಗಿ ತೆಗೆದರು. ಸಿಂಪಡಣೆ ಇಳಿಯಿತು, ಭತ್ತದ ಇಳುವರಿ ಬೀಳಲಿಲ್ಲ. ಕೇರಳದ ಕುಟ್ಟನಾಡು 1973-74ರಲ್ಲೇ ಕಂದು ಜಿಗಿಯ ದೊಡ್ಡ ಹೊಡೆತ ತಿಂದಿತ್ತು. ಒತ್ತಾದ ತಳಿ, ಹೆಚ್ಚು ಗೊಬ್ಬರ, ಬಿಡುವಿಲ್ಲದ ಬೆಳೆ ಒಟ್ಟಿಗೆ ಬಂದ ಕಡೆಯಲ್ಲೆಲ್ಲ ಈ ಹುಳು ಹಿಂದೆಯೇ ಬಂದಿದೆ.

ಸಲಹೆ ಒಂದು ಕಡೆ, ಗದ್ದೆ ಇನ್ನೊಂದು ಕಡೆ

ವಿಜ್ಞಾನಿಗಳ ಮಾತು ಸರಳ. ವಾರಕ್ಕೊಮ್ಮೆ ಬುಡ ನೋಡಿ. ಒಂದು ಬುಡಕ್ಕೆ ಹತ್ತರ ಆಸುಪಾಸು ಹುಳು ಮುಟ್ಟುವವರೆಗೆ ಸಿಂಪಡಿಸಬೇಡಿ, ಜೇಡ ಚೆನ್ನಾಗಿದ್ದರೆ ಇನ್ನೂ ತಡೆಯಿರಿ. ಎರಡು ಮೂರು ಮೀಟರಿಗೊಂದು ಒಂದಡಿ ಅಗಲದ ಕಾಲುದಾರಿ ಬಿಟ್ಟು ನಾಟಿ ಮಾಡಿ. ಹುಳು ಕಂಡಾಗ ಮೂರು ನಾಲ್ಕು ದಿನ ನೀರು ಬಸಿದು ಗದ್ದೆ ಆರಲು ಬಿಡಿ. ಯೂರಿಯಾವನ್ನು ಕಂತುಗಳಲ್ಲಿ ಕೊಡಿ.

ರೈತರ ಉತ್ತರವನ್ನೂ ಅಷ್ಟೇ ಗಂಭೀರವಾಗಿ ಕೇಳಬೇಕು. ನೀರು ಬಸಿಯಿರಿ ಎನ್ನುತ್ತೀರಿ, ಬಸಿದ ಮೇಲೆ ಕಾಲುವೆ ಪಾಳಿ ಮತ್ತೆ ಯಾವಾಗ ಎಂದು ಯಾರಿಗೆ ಗೊತ್ತು? ಕೊನೆ ಭಾಗದವರಿಗೆ ಸಿಕ್ಕ ನೀರನ್ನು ಬಿಟ್ಟುಕೊಡುವುದೆಂದರೆ ಜೀವ ಬಿಟ್ಟಂತೆ. ಮೇಲಿನ ಗದ್ದೆಯವರು ಬಸಿದರೆ ಅದು ಕೆಳಗಿನವರ ಗದ್ದೆಗೇ ಬರುತ್ತದೆ. ಇನ್ನು ಕಾಲುದಾರಿ. ಗುತ್ತಿಗೆಗೆ ಹಿಡಿದವರು ಎಕರೆಗೆ ಇಷ್ಟು ಚೀಲ ಎಂದು ಕೊಡಲೇಬೇಕು, ಅವರಿಗೆ ಒಂದು ಸಾಲು ಬಿಡುವುದೂ ನಷ್ಟದ ಹಾಗೆ ಕಾಣುತ್ತದೆ. ಹುಳು ಹತ್ತಾಗುವವರೆಗೆ ಕಾಯುತ್ತಾ ಕೂತರೆ, ಹತ್ತು ನೂರಾದ ದಿನ ಸಾಲ ಕೊಟ್ಟವರು ಕೇಳುತ್ತಾರೆಯೇ?

ಅಂಗಡಿಯವರದ್ದು ಮೂರನೇ ವಾದ. ರೈತರು ಬಂದು ನಿಂತಾಗ 'ಏನೂ ಹೊಡೆಯಬೇಡಿ' ಎಂದರೆ ಅವರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಅದೂ ನಿಜವೇ. ಆದರೆ ಸಾಲಕ್ಕೆ ಗೊಬ್ಬರ, ಎಣ್ಣೆ ಕೊಡುವ ಅಂಗಡಿಯೇ ಸಲಹೆಯನ್ನೂ ಕೊಡುತ್ತಿದ್ದರೆ ಆ ಸಲಹೆ ಯಾವ ಕಡೆ ವಾಲುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಈ ಮೂರರಲ್ಲಿ ಕಾಲುದಾರಿಯ ವಿಷಯದಲ್ಲಿ ವಿಜ್ಞಾನಿಗಳ ಮಾತಿಗೆ ತೂಕ ಜಾಸ್ತಿ. ದಾರಿಯ ಅಂಚಿನ ಗಿಡಗಳಿಗೆ ಬೆಳಕು ಸಿಕ್ಕು ತೆಂಡೆ ಹೆಚ್ಚುವುದರಿಂದ ಬಿಟ್ಟ ಜಾಗದ ನಷ್ಟ ಬಹುಪಾಲು ತುಂಬಿಕೊಳ್ಳುತ್ತದೆ. ಜೊತೆಗೆ ಬುಡಕ್ಕೆ ಗಾಳಿ, ಬಿಸಿಲು, ಸಿಂಪಡಿಸಲು ನಡೆಯುವ ದಾರಿ. ನೀರು ಬಸಿಯುವ ವಿಷಯದಲ್ಲಿ ಮಾತ್ರ ರೈತರೇ ಸರಿ. ಒಂದು ಕಾಲುವೆಯ ಕೆಳಗಿನವರೆಲ್ಲ ಒಟ್ಟಿಗೆ ನಿರ್ಧರಿಸದೆ, ನೀರು ಬಳಕೆದಾರರ ಸಂಘವೂ ನೀರಾವರಿ ಇಲಾಖೆಯೂ ಪಾಳಿಯನ್ನು ಅದಕ್ಕೆ ಹೊಂದಿಸದೆ, ಒಬ್ಬೊಬ್ಬ ರೈತರಿಗೆ 'ಬಸಿಯಿರಿ' ಎಂದು ಹೇಳುವುದು ಸುಮ್ನೆ ಕಾಗದದ ಸಲಹೆ.

ಮುಂದಿನ ಸಲಹೆಗಳಲ್ಲಿ ಇನ್ನೊಂದು ಸಾಲು ಸೇರಬೇಕು: ಯಾವ ಹುಳು ಎಂಬುದು. ತೆಂಡೆಯ ಹಂತದಲ್ಲಿ ಬಿಳಿ ಬೆನ್ನಿನದು ಒಂದಿಷ್ಟು ಕಂಡರೆ ಹೆಚ್ಚಿನ ಸಲ ಗಿಡ ತಡೆದುಕೊಳ್ಳುತ್ತದೆ, ಹುಳು ತಾನಾಗಿ ಇಳಿಯುತ್ತದೆ. ಅದಕ್ಕೆ ಹೆದರಿ ಹೊಡೆದ ಎಣ್ಣೆ ಮುಂದೆ ಬರುವ ಕಂದು ಜಿಗಿಗೆ ದಾರಿ ಮಾಡಿಕೊಡುತ್ತದೆ.

ಪ್ಯಾಕೆಟ್ ಮೇಲಿನ 'ನಿರೋಧಕ ತಳಿ'

ತಡೆದುಕೊಳ್ಳುವ ತಳಿ ಹಾಕಿದರೆ ಮುಗಿಯಿತಲ್ಲ? ಇಲ್ಲೂ ಎರಡು ಹುಳುವಿನ ಲೆಕ್ಕ ಬೇರೆ. ಕಂದು ಜಿಗಿಯನ್ನು ತಡೆಯುವ ಗುಣಕ್ಕೆ ಕೇರಳದ ಪಟ್ಟಾಂಬಿಯ ಪಿಟಿಬಿ 33 ಹೆಸರುವಾಸಿ. ಬಿಳಿ ಬೆನ್ನಿನದನ್ನು ತಡೆಯುವ ಮೊದಲ ಗುಣ ಸಿಕ್ಕಿದ್ದು ಎನ್ 22 ಎಂಬ ಬೇರೆಯದೇ ತಳಿಯಲ್ಲಿ. ಒಂದನ್ನು ತಡೆಯುವ ತಳಿ ಇನ್ನೊಂದನ್ನೂ ತಡೆಯಬೇಕೆಂದೇನಿಲ್ಲ. ತಡೆದರೂ ಶಾಶ್ವತವಲ್ಲ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1973ರಲ್ಲಿ ಬಿಟ್ಟ ಐಆರ್ 26 ಕಂದು ಜಿಗಿಗೆ ನಿರೋಧಕ ಎಂದು ಹರಡಿತು. ಎರಡು ಮೂರು ವರ್ಷದಲ್ಲೇ ಹುಳು ಅದನ್ನೂ ತಿನ್ನಲು ಕಲಿಯಿತು.

ನಮ್ಮಲ್ಲಿ ಇದಕ್ಕಿಂತ ದೊಡ್ಡ ತೊಡಕು ಮಾರುಕಟ್ಟೆ. ಆಂಧ್ರದ ಬಾಪಟ್ಲದಿಂದ 1986ರಲ್ಲಿ ಬಂದ ಬಿಪಿಟಿ 5204 ತಳಿ ಇಲ್ಲಿ ಸೋನಾ ಮಸೂರಿ ಎಂದೇ ಮನೆಮಾತು. ಸಣ್ಣ ಅಕ್ಕಿ, ಗಿರಣಿಯವರಿಗೆ ಬೇಕಾದ್ದು, ಒಳ್ಳೆ ದರ. ಆದರೆ ಕಂದು ಜಿಗಿಗೆ ಸುಲಭದ ತುತ್ತು. ದರದಲ್ಲಿ ನೂರಿನ್ನೂರು ರೂಪಾಯಿ ವ್ಯತ್ಯಾಸವಿದ್ದರೆ ಹುಳು ತಡೆಯುವ ತಳಿಯನ್ನು ರೈತರು ಆರಿಸುವುದಿಲ್ಲ. ಅದು ಅವರ ತಪ್ಪಲ್ಲ.

ಪಂಜಾಬಿನ ಗಿಡ್ಡ ಭತ್ತ ಇಲ್ಲಿಗೂ ಬರುತ್ತದೆಯೇ?

2022ರ ಮುಂಗಾರಿನಲ್ಲಿ ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಭತ್ತ ಬೆಳೆಯದೆ ಗಿಡ್ಡಾಗಿ ನಿಂತಿತು. ಕಾರಣ ಒಂದು ವೈರಸ್ ಎಂದು ವಿಜ್ಞಾನಿಗಳು ಪತ್ತೆ ಮಾಡಿದರು. 2001ರಲ್ಲಿ ದಕ್ಷಿಣ ಚೀನಾದಲ್ಲಿ ಮೊದಲು ಕಂಡಿದ್ದ ವೈರಸ್ ಅದು. ಹರಡುವುದು ಬಿಳಿ ಬೆನ್ನಿನ ಜಿಗಿ. ಕಂದು ಜಿಗಿ ಇದನ್ನು ಹರಡುವುದಿಲ್ಲ. ಅದು ಹರಡುವ ವೈರಸ್‌ಗಳೇ ಬೇರೆ.

ಇದಾದ ಮೇಲೆ ಇಲ್ಲಿ ಪೈರು ಸ್ವಲ್ಪ ಕುಳ್ಳಗಾದರೂ ಪಂಜಾಬಿನ ರೋಗ ಬಂತು ಎಂಬ ಮೆಸೇಜು ಓಡಾಡಬಹುದು. ಹುಳು ಇದ್ದ ಮಾತ್ರಕ್ಕೆ ರೋಗ ಇದೆ ಎಂದಲ್ಲ. ವೈರಸ್ ಇರುವ ಗಿಡದ ರಸ ಕುಡಿದ ಹುಳು ಮಾತ್ರ ಅದನ್ನು ಹರಡುತ್ತದೆ. ಬಿತ್ತನೆ ಬೀಜದಿಂದ ಅದು ಬರುವುದಿಲ್ಲ, ಹುಳುವಿನ ಮೊಟ್ಟೆಯಿಂದಲೂ ಬರುವುದಿಲ್ಲ. ಕಪ್ಪು ಮಣ್ಣಿನಲ್ಲಿ ಪೈರು ಕುಳ್ಳಗಾಗಲು ಸತುವಿನ ಕೊರತೆ, ಚೌಳು ಹೀಗೆ ಬೇರೆ ಕಾರಣಗಳು ಸಾಕಷ್ಟಿವೆ. ಅನುಮಾನ ಬಂದರೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೋ ಗಂಗಾವತಿ, ಸಿರುಗುಪ್ಪದ ಸಂಶೋಧನಾ ಕೇಂದ್ರಕ್ಕೋ ಬೇರು ಸಮೇತ ಗಿಡ ಒಯ್ದು ತೋರಿಸುವುದು ಸರಿಯಾದ ದಾರಿ.

ಆದರೆ ಆ ರೋಗ ಒಮ್ಮೆ ಇಲ್ಲಿ ನೆಲೆಯಾದರೆ ಮೇಲೆ ಹೇಳಿದ ಲೆಕ್ಕವೆಲ್ಲ ಬದಲಾಗುತ್ತದೆ. ರಸ ಹೀರಿ ಸುಡಲು ಬುಡಕ್ಕೆ ಹತ್ತಾರು ಹುಳು ಬೇಕು. ರೋಗ ಅಂಟಿಸಲು ಒಂದೆರಡು ಸಾಕು. ಆಗ 'ಕಾದು ನೋಡಿ' ಎಂಬ ಸಲಹೆ ಕಂದು ಜಿಗಿಗೆ ಸರಿಯಾಗಿಯೇ ಉಳಿಯುತ್ತದೆ, ಬಿಳಿ ಬೆನ್ನಿನದಕ್ಕೆ ಸಸಿ ಮಡಿಯಿಂದಲೇ ಬೇರೆ ನಿಯಮ ಬೇಕಾಗುತ್ತದೆ.

ವಿಮೆ ಬರುತ್ತದೆಯೇ?

ಹೆಚ್ಚಿನವರ ಪ್ರಶ್ನೆ ಇದು, ಉತ್ತರ ಚಿಕ್ಕದು. ಫಸಲ್ ಬಿಮಾ ಯೋಜನೆಯಲ್ಲಿ ಕೀಟದ ನಷ್ಟ ಸೇರಿದೆ. ಆದರೆ ಅದು ಇಡೀ ವಿಮಾ ಘಟಕದ (ವಿಮೆಗೆ ಒಟ್ಟಾಗಿ ಲೆಕ್ಕ ಹಾಕುವ ಪ್ರದೇಶದ) ಸರಾಸರಿ ಇಳುವರಿ ಬಿದ್ದಾಗ ಮಾತ್ರ ಸಿಗುತ್ತದೆ. ಆಲಿಕಲ್ಲು, ಭೂಕುಸಿತದಂಥ ಕೆಲವು ಅನಾಹುತಗಳಿಗೆ ಒಬ್ಬೊಬ್ಬರ ಹೊಲ ನೋಡಿ ಪರಿಹಾರ ಕೊಡುವಂತೆ ಜಿಗಿಹುಳುವಿಗೆ ಕೊಡುವುದಿಲ್ಲ. ಕಂದು ಜಿಗಿ ತೇಪೆ ತೇಪೆಯಾಗಿ ಸುಡುವ ಹುಳು. ಒಬ್ಬರ ನಾಲ್ಕೆಕರೆ ಬೂದಿಯಾಗಿ ಪಕ್ಕದವರದ್ದು ಚೆನ್ನಾಗಿದ್ದರೆ ಸರಾಸರಿ ಅಲುಗುವುದಿಲ್ಲ.

ಕಾಲುವೆ ನಿಂತ ವರ್ಷ

ತುಂಗಭದ್ರಾ ಯೋಜನೆಯನ್ನು ಯೋಚಿಸಿದಾಗ ಇಷ್ಟು ಭತ್ತದ ಲೆಕ್ಕವೇ ಇರಲಿಲ್ಲ. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಹೆಚ್ಚು ಜಾಗ, ಭತ್ತಕ್ಕೆ ಗುರುತಿಸಿದಷ್ಟೇ ಜಾಗ ಎಂಬುದು ಮೂಲ ಯೋಜನೆ. ಮೇಲ್ಭಾಗದಲ್ಲಿ ಆ ಗೆರೆ ಯಾವತ್ತೋ ಅಳಿಸಿಹೋಯಿತು. ಮೇಲಿನವರು ಮೊದಲು ನಾಟಿ ಮಾಡುತ್ತಾರೆ, ಕೆಳಗಿನವರು ನೀರು ಬಂದಾಗ ಮಾಡುತ್ತಾರೆ. ಒಂದು ಗದ್ದೆ ಬಲಿಯುವ ಹೊತ್ತಿಗೆ ಇನ್ನೊಂದು ಎಳೆಯದಾಗಿರುತ್ತದೆ. ಅದರ ಹಿಂದೆಯೇ ಬೇಸಿಗೆ ಬೆಳೆ. ಹುಳುವಿಗೆ ಊಟ ತಪ್ಪುವ ದಿನವೇ ಇಲ್ಲ.

2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದ ಮೇಲೆ ಹಳೇ ಗೇಟುಗಳನ್ನು ಬದಲಿಸುವ ಮಾತು ಮುಂದೆ ಬಂತು. ಅದರ ಜೊತೆಗೇ ಎರಡನೇ ಬೆಳೆಗೆ ನೀರು ಬಿಡಬೇಕೋ ಬೇಡವೋ ಎಂಬ ಜಗಳವೂ ಬಂತು. ಒಂದು ಬೆಳೆ ತಪ್ಪಿದರೆ ರೈತರಿಗೂ ಕೂಲಿಯವರಿಗೂ ಗಿರಣಿಗಳಿಗೂ ಆಗುವ ನಷ್ಟ ದೊಡ್ಡದು. ಹುಳುವಿನ ಲೆಕ್ಕದಲ್ಲಿ ಮಾತ್ರ ಅದಕ್ಕೆ ಬೇರೆ ಪರಿಣಾಮವಿದೆ, ಅದೂ ಎರಡಕ್ಕೆ ಎರಡು ಥರ. ಕಂದು ಜಿಗಿ ಬದುಕಿ ಮರಿ ಮಾಡುವುದು ಹೆಚ್ಚುಕಡಿಮೆ ಭತ್ತದ ಮೇಲೆ ಮಾತ್ರ. ಊರೆಲ್ಲ ಭತ್ತ ಇಲ್ಲದ ಮೂರು ನಾಲ್ಕು ತಿಂಗಳು ಅದಕ್ಕೆ ದೊಡ್ಡ ಪೆಟ್ಟು. ಬಿಳಿ ಬೆನ್ನಿನದು ಹುಲ್ಲುಗಳ ಮೇಲೂ ಒಂದಿಷ್ಟು ಕಾಲ ತಳ್ಳಬಲ್ಲದು. ಹಾಗಾಗಿ ಬಿಡುವಿನ ನಂತರದ ಮೊದಲ ಮುಂಗಾರಿನಲ್ಲಿ ಮೊದಲು ಕಾಣಿಸಿಕೊಳ್ಳುವುದು ಅದೇ ಆಗಬಹುದು.

ಆದರೆ ನದಿ ದಂಡೆಯಲ್ಲಿ ಪಂಪ್‌ಸೆಟ್ ಇಟ್ಟವರು, ಕೊಳವೆಬಾವಿ ಇರುವವರು ಬೇಸಿಗೆಯಲ್ಲೂ ಅಲ್ಲಲ್ಲಿ ಭತ್ತ ಹಚ್ಚುತ್ತಾರೆ. ಕೊಯ್ದ ಕೂಳೆ ಚಿಗುರಿ ಹಸಿರಾಗಿ ನಿಂತರೆ ಅದೂ ಹುಳುವಿಗೆ ಸಾಕು. ಅಲ್ಲಿ ಉಳಿದದ್ದು ಉದ್ದ ರೆಕ್ಕೆ ಬೆಳೆಸಿಕೊಂಡು ಜುಲೈ-ಆಗಸ್ಟ್‌ನ ಹೊಸ ನಾಟಿಗೆ ಹಾರುತ್ತದೆ. ಬಿಡುವಿನ ಲಾಭ ಎಷ್ಟು ದಿನ ಉಳಿಯುತ್ತದೆ ಎಂಬುದು ಆ ಚೂರುಪಾರು ಹಸಿರು ಎಷ್ಟಿತ್ತು, ನೀರು ಬಂದ ಮೇಲೆ ಒಂದು ಕಾಲುವೆಯ ಕೆಳಗಿನವರು ಎಷ್ಟು ದಿನಗಳ ಅಂತರದಲ್ಲಿ ನಾಟಿ ಮುಗಿಸಿದರು, ಮತ್ತು ಮೊದಲ ತಿಂಗಳು ಪೈರೆಥ್ರಾಯ್ಡ್ ಡಬ್ಬಿ ಎಷ್ಟು ಖರ್ಚಾಯಿತು ಎಂಬುದರ ಮೇಲೆ ನಿಂತಿದೆ.